ಸಾಲದ ಕಾಗದದ ಮೇಲೆ ಅಕ್ಕನ ಹೆಸರು

ವಿದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ಸಿಗುವ ಸಲಹೆಗಳೆಲ್ಲ ಆ ಮಕ್ಕಳ ಕುರಿತೇ ಇರುತ್ತವೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಹೇಗೆ ತಯಾರಾಗಬೇಕು, ಉದ್ದೇಶ ಪತ್ರದಲ್ಲಿ ಏನು ಬರೆಯಬೇಕು, ಯಾವ ಪ್ರಾಧ್ಯಾಪಕರಿಂದ ಶಿಫಾರಸು ಪತ್ರ ತರಬೇಕು, ಅಲ್ಲಿನ ಚಳಿಗೆ ಎಂಥ ಕೋಟು ಬೇಕು. ನನ್ನ ಅಣ್ಣನ ಮಗಳು ಜರ್ಮನಿಗೆ ಹೋಗುವ ತಯಾರಿ ಶುರು ಮಾಡಿದಾಗ ನಾನೂ ಅವಳ ಪಕ್ಕದಲ್ಲಿ ಕುಳಿತು ಇವೆಲ್ಲವನ್ನೂ ಓದಿದೆ, ಅನುಭವಸ್ಥರನ್ನು ಕೇಳಿದೆ. ಯಾರೂ ಹೇಳದೆ ಉಳಿದಿದ್ದ ಸಂಗತಿಯೊಂದು ಬ್ಯಾಂಕಿನ ವಕೀಲರು ಬರೆದುಕೊಟ್ಟ ಅಭಿಪ್ರಾಯ ಪತ್ರದ ಕೊನೆಯ ಪುಟದಲ್ಲಿ ಎದುರಾಯಿತು. ಸಾಲಕ್ಕಾಗಿ ಮನೆಯನ್ನು ಅಡವಿಡಬೇಕಾದರೆ ಯಾರ್ಯಾರು ಸಹಿ ಹಾಕಬೇಕು ಎಂದು ಅಲ್ಲಿ ನಾಲ್ಕು ಹೆಸರುಗಳಿದ್ದವು: ಅವ್ವ, ಅಕ್ಕ, ಅಣ್ಣ, ನಾನು. ತವರಿನ ಆಸ್ತಿಗೆ ಸಂಬಂಧಿಸಿದ ಕಾಗದವೊಂದರಲ್ಲಿ ಅಕ್ಕನ ಹೆಸರನ್ನು ನಾನು ನೋಡಿದ್ದು ಅದೇ ಮೊದಲು.

ಆ ಪುಟ ನನ್ನನ್ನು ಇನ್ನೂ ಬಿಟ್ಟಿಲ್ಲ. ವಿದೇಶಕ್ಕೆ ಹೋಗುವವಳು ಒಬ್ಬಳು. ಆದರೆ ನಮ್ಮಂಥ ಊರುಗಳಿಂದ ಒಬ್ಬಳು ಹೊರಡಬೇಕಾದರೆ ಇಡೀ ಮನೆತನದ ಲೆಕ್ಕ ತೆರೆದುಕೊಳ್ಳುತ್ತದೆ. ಯಾರು ಸತ್ತರು, ಯಾರ ಹೆಸರಿಗೆ ಏನಿದೆ, ಯಾರನ್ನು ಕೇಳಬೇಕಿತ್ತು, ಯಾರನ್ನು ಕೇಳಲೇ ಇಲ್ಲ ಎಂಬುದೆಲ್ಲ ಹೊರಗೆ ಬರುತ್ತದೆ. ಈ ತಯಾರಿಯ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊಲ ಇದೆ, ಆದರೂ ಸಾಲವಿಲ್ಲ

ಹುಡುಗಿ ವಿಜಯಪುರದಲ್ಲಿಯೇ ಸಿವಿಲ್ ಎಂಜಿನಿಯರಿಂಗ್ ಮುಗಿಸಿದಳು. ಜಲಸಂಪನ್ಮೂಲದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬುದು ಅವಳ ಆಸೆ. ಆಲಮಟ್ಟಿಯ ಹಿನ್ನೀರನ್ನು ನೋಡುತ್ತ ಬೆಳೆದವಳಿಗೆ ಈ ಆಸೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಮೊದಲು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಕೋರ್ಸನ್ನು ನೋಡಿದಳು. ಅದಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಪಡೆಯುತ್ತಿದೆ. ಜರ್ಮನಿಯ ಬೇರೆ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಊರಿನಲ್ಲಿ ಈ ಸುದ್ದಿ ಹಬ್ಬಿದ್ದೇ ತಡ, ‘ಅಲ್ಲಿ ಓದು ಪುಕ್ಕಟೆಯಂತೆ, ನಿಮಗೇನು ಖರ್ಚು’ ಎಂದು ಅಣ್ಣನನ್ನು ಎಲ್ಲರೂ ಮಾತನಾಡಿಸತೊಡಗಿದರು.

ಶುಲ್ಕವಿಲ್ಲ ಎಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಮೊದಲ ವರ್ಷದ ಜೀವನಕ್ಕೆ ಸಾಕಾಗುವಷ್ಟು ಹಣ ತನ್ನ ಬಳಿ ಇದೆ ಎಂದು ವಿದ್ಯಾರ್ಥಿ ವೀಸಾ ಕೇಳುವ ಮೊದಲೇ ತೋರಿಸಬೇಕು. ಬಹುತೇಕರು ಇದಕ್ಕಾಗಿ ‘ಬ್ಲಾಕ್ಡ್ ಅಕೌಂಟ್’ ತೆರೆಯುತ್ತಾರೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳದೇ ಹಣ ಅವಳ ಕೈಗೆ ಬರುತ್ತದೆ. ನಮ್ಮ ರೂಪಾಯಿಯಲ್ಲಿ ಅದು ಹತ್ತು ಲಕ್ಷವನ್ನು ದಾಟುತ್ತದೆ, ಮತ್ತು ಒಂದೇ ಕಂತಿನಲ್ಲಿ ಇಡಬೇಕು. ವಿಮಾನದ ಟಿಕೆಟ್, ಆರೋಗ್ಯ ವಿಮೆ, ಮೊದಲ ತಿಂಗಳ ಬಾಡಿಗೆಯ ಮುಂಗಡ ಇವೆಲ್ಲ ಬೇರೆ. ಕಬ್ಬಿನ ಬಿಲ್ಲು ಬರುವುದನ್ನೇ ಕಾಯುವ ಮನೆಯಲ್ಲಿ ಇಷ್ಟು ಹಣ ಒಟ್ಟಿಗೆ ಇರುವುದು ಹೇಗೆ ಸಾಧ್ಯ?

ಹೀಗಾಗಿ ಶಿಕ್ಷಣ ಸಾಲ. ಬ್ಯಾಂಕುಗಳು ಅನುಸರಿಸುವ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿಯ ಅಡಮಾನ ಬೇಡ, ಅದಕ್ಕಿಂತ ಮೇಲೆ ಹೋದರೆ ಆಸ್ತಿ ಬೇಕು. ವಿದೇಶದ ಓದಿಗಾದರೆ ಶೇಕಡಾ 15ರಷ್ಟನ್ನು ಮನೆಯವರೇ ಹಾಕಬೇಕು. ಆಸ್ತಿಯ ಮಾತು ಬಂದಾಗ ಅಣ್ಣ ನಿರಾಳನಾದ. ಹಿನ್ನೀರಿನ ದಂಡೆಯಲ್ಲಿ ನಮ್ಮದು ಆರು ಎಕರೆ ಎರೆ ಹೊಲ. ಉತಾರಗಳ, ಅಂದರೆ ಪಹಣಿಗಳ, ಕಟ್ಟು ಹಿಡಿದುಕೊಂಡು ಬ್ಯಾಂಕಿಗೆ ಹೋದ. ವ್ಯವಸ್ಥಾಪಕರು ಸಮಾಧಾನದಿಂದಲೇ ಹೇಳಿದರು: ಈ ಸಾಲಕ್ಕೆ ಹೊಲ ಆಗುವುದಿಲ್ಲ. ‘ಬೆಳೆಸಾಲಕ್ಕೆ ಇದೇ ಹೊಲದ ಮೇಲೆ ಸಾಲದ ಬೋಜಾ ಬರೆಸಿಕೊಂಡಿದ್ದೀರಲ್ಲ, ಈಗ ಮಗಳ ಓದಿಗೆ ಯಾಕೆ ಆಗುವುದಿಲ್ಲ?’ ಎಂದು ಅಣ್ಣ ಕೇಳಿದ. ಪ್ರಶ್ನೆ ನ್ಯಾಯವಾದದ್ದು. ಅದಕ್ಕಿರುವ ಉತ್ತರ ನನಗೆ ಆಮೇಲೆ ತಿಳಿಯಿತು. ಸಾಲ ತೀರದಿದ್ದಾಗ ನ್ಯಾಯಾಲಯಕ್ಕೆ ಹೋಗದೆಯೇ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ಹೊಲವನ್ನು ಉಳಿಸಲು ಮಾಡಿದ ಆ ವಿನಾಯಿತಿ ಸರಿಯಾದದ್ದೇ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅದೇ ಕಾರಣಕ್ಕೆ ಬ್ಯಾಂಕುಗಳು ದೊಡ್ಡ ಶಿಕ್ಷಣ ಸಾಲಕ್ಕೆ ಹೊಲವನ್ನು ಮುಟ್ಟಲು ಹಿಂಜರಿಯುತ್ತವೆ. ನಗರದಲ್ಲಿ ಒಂದು ಫ್ಲ್ಯಾಟ್ ಇದ್ದವನ ಮಗಳಿಗೆ ಸಲೀಸಾಗಿ ಸಿಗುವುದು ಆರು ಎಕರೆಯವನ ಮಗಳಿಗೆ ಸಿಗುವುದಿಲ್ಲ.

ಉಳಿದದ್ದು ಮನೆ.

ಮುಳುಗಿದ ಊರಿನ ಹಕ್ಕುಪತ್ರ

ಕೊಲ್ಹಾರದ ಕಡೆಯ ನಮ್ಮ ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿದೆ. ಈಗಿನ ಮನೆ ಇರುವುದು ಪುನರ್ವಸತಿ ಕೇಂದ್ರದಲ್ಲಿ. ನಿವೇಶನದ ಹಕ್ಕುಪತ್ರ ಅಪ್ಪನ ಹೆಸರಿನಲ್ಲಿದೆ, ಪರಿಹಾರದ ಹಣದಲ್ಲಿ ಕಟ್ಟಿದ ಮನೆ. ಅಪ್ಪ ತೀರಿಕೊಂಡದ್ದು 2011ರಲ್ಲಿ. ಪಂಚಾಯಿತಿಯ ದಾಖಲೆಯಲ್ಲಿ ಮಾತ್ರ ಅವರು ಇನ್ನೂ ಮನೆಯ ಮಾಲೀಕರಾಗಿಯೇ ಇದ್ದರು. ನಮ್ಮ ಭಾಗದಲ್ಲಿ ಇದು ಹೊಸದಲ್ಲ. ಮಾರುವ ಅಥವಾ ಅಡವಿಡುವ ಪ್ರಸಂಗ ಬರುವವರೆಗೆ ಸತ್ತವರ ಹೆಸರನ್ನು ಯಾರೂ ತೆಗೆಸುವುದಿಲ್ಲ.

ಬ್ಯಾಂಕಿನಿಂದ ಬೆಲೆ ಕಟ್ಟಲು ಬಂದವರು ಗೋಡೆ, ಛಾವಣಿ ನೋಡಿದ ಮೇಲೆ ಕೇಳಿದ ಪ್ರಶ್ನೆ: ಆಣೆಕಟ್ಟಿನ ಎತ್ತರ ಹೆಚ್ಚಾದರೆ ಇಲ್ಲಿಗೂ ನೀರು ಬರುತ್ತದೆಯೇ? ಈಗ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ, 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಮನೆ ಆ ಮಟ್ಟಕ್ಕಿಂತ ಬಹಳ ಮೇಲಿದೆ ಎಂದು ಹುಡುಗಿಯೇ ನಕ್ಷೆ ತೆಗೆದು ತೋರಿಸಿದಳು. ಒಂದು ಸಲ ಊರನ್ನು ಕಳೆದುಕೊಂಡವರ ಮೊಮ್ಮಗಳು, ಈ ಮನೆ ಮುಳುಗುವುದಿಲ್ಲ ಎಂದು ಇನ್ನೊಬ್ಬರಿಗೆ ಸಾಬೀತು ಮಾಡುತ್ತಿದ್ದಳು. ಅವ್ವ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮುಂದಿನದು ವಂಶಾವಳಿ. ಹುದ್ದೆಯ ಹೆಸರು ಎಷ್ಟು ಸಲ ಬದಲಾದರೂ ನಾವು ತಲಾಟಿ ಎಂದೇ ಕರೆಯುವ ಊರಿನ ಕಂದಾಯ ಅಧಿಕಾರಿಯ ಬಳಿ ಅರ್ಜಿ ಹೋಯಿತು. ಮನೆಯ ಹಳೆಯ ಟ್ರಂಕಿನಲ್ಲಿ ಪರಿಹಾರದ ಕಾಲದಲ್ಲಿ ಯಾವುದಕ್ಕೋ ಬರೆಸಿದ್ದ ವಂಶಾವಳಿಯೊಂದಿತ್ತು. ಅಜ್ಜನ ಕೆಳಗೆ ಅಪ್ಪ, ಅಪ್ಪನ ಕೆಳಗೆ ಅಣ್ಣ, ಅಷ್ಟೇ. ಆ ಹಾಳೆಯ ಪ್ರಕಾರ ಅಕ್ಕನೂ ನಾನೂ ಹುಟ್ಟಿಯೇ ಇಲ್ಲ. ಅದನ್ನು ಬರೆದವರಿಗೆ ನಮ್ಮ ಮೇಲೆ ದ್ವೇಷವಿರಲಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬರೆಯುವ ರೂಢಿ ಇರಲಿಲ್ಲ.

ಬ್ಯಾಂಕಿನ ವಕೀಲರು ರೂಢಿಯನ್ನು ನೋಡಲಿಲ್ಲ, ಕಾಯ್ದೆಯನ್ನು ನೋಡಿದರು. ಮನೆ ಅಪ್ಪನ ಸ್ವಂತದ್ದು ಎಂದುಕೊಂಡರೆ, ಮೃತ್ಯುಪತ್ರ ಬರೆಯದೆ ಹೋದವರ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಸೇರುತ್ತದೆ. ಮುಳುಗಿದ ಪಿತ್ರಾರ್ಜಿತ ಮನೆಯ ಬದಲಿಗೆ ಸಿಕ್ಕಿದ್ದು ಎಂದುಕೊಂಡರೂ ಹೆಣ್ಣುಮಕ್ಕಳು ಹೊರಗಾಗುವುದಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗೆ ನಿಲ್ಲಿಸಿತು. ಅಕ್ಕನ ಮದುವೆ 1991ರಲ್ಲಿ, ನನ್ನದು ಬಹಳ ತಡವಾಗಿ. ಅಂದರೆ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರಲ್ಲಿ ನಾನು ಒಳಗೆ, ಅಕ್ಕ ಹೊರಗೆ. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ತಂದೆ ಆ ದಿನಕ್ಕೆ ಬದುಕಿದ್ದರೋ ಇಲ್ಲವೋ ಎಂಬುದೂ ಮುಖ್ಯವಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಕಾಯ್ದೆಗಳ ಬಗ್ಗೆ ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಅಕ್ಕನ ಮದುವೆಯ ವರ್ಷದ ಪಕ್ಕದಲ್ಲಿ ಇಟ್ಟು ನೋಡಿದಾಗಲೇ ಅವು ನನ್ನ ಮೈಗೆ ತಾಗಿದ್ದು.

ವಕೀಲರ ಕೋಣೆಯಲ್ಲಿ

ಇಂಡಿ ತಾಲ್ಲೂಕಿನಿಂದ ಅಕ್ಕ ಬೆಳಗಿನ ಬಸ್ಸಿಗೆ ಬಂದಳು, ಕೈಯಲ್ಲಿ ಎರಡು ಚೀಲ ಲಿಂಬೆಹಣ್ಣು. ಒಂದು ನಮಗೆ, ಒಂದು ವಕೀಲರಿಗೆ. ಅಕ್ಕ ಓದಿದ್ದು ಏಳನೆಯ ತರಗತಿಯವರೆಗೆ. ಹೈಸ್ಕೂಲು ಪಕ್ಕದ ಊರಿನಲ್ಲಿತ್ತು, ಬಸ್ಸು ಇರಲಿಲ್ಲ. ಬಸ್ಸು ಬರುವ ಹೊತ್ತಿಗೆ ನನ್ನ ಸರದಿ ಬಂದಿತ್ತು. ನಾನು ಶಿಕ್ಷಕಿಯಾದದ್ದಕ್ಕೂ ಅವಳು ಆಗದೇ ಉಳಿದದ್ದಕ್ಕೂ ನಡುವೆ ಇರುವ ಅಂತರ ಜಾಣತನದ್ದಲ್ಲ. ಊರಿನಲ್ಲಿ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುತ್ತಿದ್ದವಳು ಅವಳೇ.

ನ್ಯಾಯಾಲಯದ ಹತ್ತಿರದ ಓಣಿಯೊಂದರಲ್ಲಿ ವಕೀಲರ ಕಚೇರಿ. ಸಜ್ಜನರು. ಕಡತವನ್ನು ತಿರುವಿ ಹಾಕಿ, ‘ಒಂದು ಸುಲಭದ ದಾರಿ ಇದೆ’ ಎಂದರು. ‘ಹೆಣ್ಣುಮಕ್ಕಳಿಬ್ಬರೂ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟುಬಿಡಿ. ಮನೆ ನಿಮ್ಮ ಸಹೋದರರ ಹೆಸರಿಗೆ ಆಗುತ್ತದೆ. ತಾಯಿಯವರ ಒಂದು ಹೆಬ್ಬೆಟ್ಟು ಸಾಕು. ನೀವು ಮತ್ತೆ ಬ್ಯಾಂಕಿಗೆ ಅಲೆದಾಡುವುದೂ ತಪ್ಪುತ್ತದೆ.’

ಅಣ್ಣ ಏನೂ ಹೇಳಲಿಲ್ಲ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಅದು ನನಗೆ ಗೊತ್ತು. ಜುಲೈ ಹದಿನೈದರೊಳಗೆ ಅರ್ಜಿ ಹಾಕಬೇಕು, ಅಕ್ಟೋಬರಿನಲ್ಲಿ ಚಳಿಗಾಲದ ಸೆಮಿಸ್ಟರು ಶುರುವಾಗುತ್ತದೆ, ಅದಕ್ಕೂ ಮೊದಲು ವೀಸಾ ಆಗಬೇಕು ಎಂಬ ಗಡಿಬಿಡಿ ಅವನ ತಲೆಯಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೇಳಿದಳು: ‘ಬಿಡುಗಡೆ ಪತ್ರ ಇಲ್ಲದಿದ್ದರೆ ಸಾಲ ಆಗುವುದೇ ಇಲ್ಲವೇ, ಸಾಹೇಬರೇ?’

‘ಆಗುತ್ತದೆ, ಅವ್ವಾರೆ. ಆದರೆ ನೀವಿಬ್ಬರೂ ಅಡಮಾನಕ್ಕೆ ಸಹಿ ಹಾಕಿ ಜಾಮೀನುದಾರರಾಗಬೇಕು. ನಾಳೆ ಸಾಲ ತೀರದಿದ್ದರೆ ಹೊಣೆ ನಿಮ್ಮ ಮೇಲೂ ಬರುತ್ತದೆ. ಅದಕ್ಕೇ ಹೇಳಿದೆ.’

‘ಹೊಣೆ ಬರಲಿ’ ಎಂದಳು ಅಕ್ಕ. ‘ಕೂಸಿನ ಓದಿಗಾಗಿ ಎಲ್ಲಿ ಹೇಳಿದರೂ ಸಹಿ ಹಾಕುತ್ತೇನೆ. ಆದರೆ ಬಿಟ್ಟುಕೊಟ್ಟೆ ಅಂತ ಬರೆಯುವುದಿಲ್ಲ. ಅದರಲ್ಲಿ ನನ್ನದೂ ಇದೆ ಅಂತ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಇವತ್ತು ನೀವು ಹೇಳಿದಿರಿ. ಹೇಳಿದ ದಿನವೇ ಬಿಡು ಎಂದರೆ ಹೇಗೆ?’

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಣ್ಣ, ‘ಅಕ್ಕ ಹೇಳಿದ ಹಾಗೆಯೇ ಆಗಲಿ. ನಾಲ್ಕೂ ಹೆಸರು ಬರೆಸಿರಿ’ ಎಂದ. ಅವನು ಅದನ್ನು ಮುನಿಸಿನಿಂದ ಹೇಳಲಿಲ್ಲ, ಒತ್ತಾಯದಿಂದಲೂ ಹೇಳಲಿಲ್ಲ. ತಮ್ಮನಾಗಿ ಅಕ್ಕನ ಮಾತಿಗೆ ಕೊಟ್ಟ ಉತ್ತರ ಅದು. ಆ ಉತ್ತರಕ್ಕಾಗಿ ನಾನು ಅವನಿಗೆ ಋಣಿ. ಏಕೆಂದರೆ ಬೇರೆ ಮನೆಗಳಲ್ಲಿ ಇದೇ ಪ್ರಸಂಗ ಹೇಗೆ ಮುಗಿಯುತ್ತದೆ ಎಂಬುದನ್ನು ನೋಡಿದ್ದೇನೆ.

ಇನ್ನೊಂದು ಪ್ರಶ್ನೆ ಹುಡುಗಿಯದು. ‘ಸರ್, ನಾನು ಸಾಲ ತೀರಿಸದಿದ್ದರೆ ಅತ್ತೆಯರ ಪಾಲೂ ಹೋಗುತ್ತದೆಯೇ?’ ಹೌದು ಎಂದರು ವಕೀಲರು. ಅವಳು ತಲೆಯಾಡಿಸಿದಳು. ಆ ರಾತ್ರಿಯೇ ಖರ್ಚಿನ ಪಟ್ಟಿಯನ್ನು ಮತ್ತೆ ಬರೆದಳು. ಮೊದಲು ಎರಡೂ ವರ್ಷಕ್ಕೆ ಸಾಲ ಎಂದಿತ್ತು. ಈಗ ಮೊದಲ ವರ್ಷಕ್ಕೆ ಬೇಕಾದಷ್ಟನ್ನೇ ಕೇಳಿ, ಎರಡನೆಯ ವರ್ಷಕ್ಕೆ ದುಡಿಯುವುದೆಂದು ನಿರ್ಧರಿಸಿದಳು. 2024ರ ಮಾರ್ಚಿನಿಂದ ಅಲ್ಲಿ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಓದಿನ ಜೊತೆ ಅಷ್ಟು ದುಡಿಯುವುದು ಕಷ್ಟವೆಂದು ನಾನು ಹೇಳಿದೆ. ಕಷ್ಟವೆಂದು ಅವಳಿಗೂ ಗೊತ್ತು. ಆದರೂ ಸಾಲದ ಮೊತ್ತ ಇಳಿಯಿತು.

ಪಂಚಮಿಗೆ ಕರೆಯುವ ಅಣ್ಣ

ನಮ್ಮ ಕಡೆ ಹೆಣ್ಣುಮಕ್ಕಳು ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ. ಕೇಳಬಾರದೆಂದು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ನಾಗರ ಪಂಚಮಿಗೆ ಅಣ್ಣ ಕರೆಯಲು ಬರಬೇಕು, ತವರಿನ ಜೋಕಾಲಿ, ಉಂಡಿ, ಮಡಿಲು ತುಂಬಿದ ಸೀರೆ ಇವೆಲ್ಲ ಇರಬೇಕು. ಪಾಲು ಕೇಳಿದರೆ ಆ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ ಒಳಗೇ ಬೆಳೆಯುತ್ತದೆ. ಉಪ ನೋಂದಣಾಧಿಕಾರಿಗಳ ಕಚೇರಿಯ ಮುಂದೆ ಹೊಸ ಸೀರೆ ಉಟ್ಟ ಅಕ್ಕತಂಗಿಯರ ಸಾಲನ್ನು ನೋಡಿದರೆ ಅದು ಮದುವೆಯೋ ಬಿಡುಗಡೆ ಪತ್ರವೋ ಎಂದು ಹೇಳುವುದು ಕಷ್ಟವಲ್ಲ, ಮದುವೆಗೆ ಬಂದವರು ಮಾತನಾಡುತ್ತಿರುತ್ತಾರೆ. ಎಷ್ಟೋ ಹೆಣ್ಣುಮಕ್ಕಳು ಪ್ರೀತಿಯಿಂದಲೇ ಬಿಟ್ಟುಕೊಡುತ್ತಾರೆ, ಅವರ ಪ್ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಏನನ್ನು ಬಿಡುತ್ತಿದ್ದೇನೆ ಎಂದು ತಿಳಿದು ಬಿಡುವುದಕ್ಕೂ, ಸಹಿ ಹಾಕು ಎಂದಾಗ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ.

ವಿದ್ಯಾರ್ಥಿನಿಯರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇಕಡಾ ಅರ್ಧದಷ್ಟು ರಿಯಾಯಿತಿ ಕೊಡುತ್ತವೆ. ಹೆಣ್ಣುಮಕ್ಕಳು ಓದಲಿ ಎಂಬುದು ಅದರ ಉದ್ದೇಶ. ಆ ರಿಯಾಯಿತಿಯ ಸಾಲ ಸಿಗಲು ಅದೇ ಮನೆಯ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳು ತಮ್ಮ ಹೆಸರನ್ನು ಅಳಿಸಿಕೊಳ್ಳುವುದಾದರೆ ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ಒಬ್ಬಳ ಓದಿಗೆ ಇನ್ನೊಬ್ಬಳ ಹಕ್ಕನ್ನು ಬೆಲೆಯಾಗಿ ಕೊಡಬೇಕಾಗಿಲ್ಲ. ಜಾಮೀನಾಗಿ ನಿಲ್ಲುವ ದಾರಿ ಇದೆ, ಅದು ಕಾನೂನಿನ ಪ್ರಕಾರ ಅಷ್ಟೇ ಗಟ್ಟಿ, ಸ್ವಲ್ಪ ಹೆಚ್ಚು ಓಡಾಟ ಬೇಡುತ್ತದೆ. ಅದರಲ್ಲಿ ಅಪಾಯವೂ ಇದೆ. ಅಕ್ಕ ಅದನ್ನು ತಿಳಿದೇ ಒಪ್ಪಿದಳು.

ನನ್ನ ಶಾಲೆಯಲ್ಲಿ ಓದಿ ಹೋದ ಮಕ್ಕಳ ತಂದೆ ತಾಯಿ ಈಗ ವಿದೇಶದ ಓದಿನ ಬಗ್ಗೆ ಕೇಳಿಕೊಂಡು ಬಂದಾಗ, ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ನಾನು ಕೇಳುವುದು ಮನೆ ಯಾರ ಹೆಸರಿನಲ್ಲಿದೆ ಎಂದು. ಅಜ್ಜನ ಹೆಸರಿನಲ್ಲಿದ್ದರೆ ಮಗ ಎರಡನೆಯ ವರ್ಷದಲ್ಲಿದ್ದಾಗಲೇ ವಾರಸಾ ಮಾಡಿಸಿ, ಅಂದರೆ ದಾಖಲೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಹೆಣ್ಣುಮಕ್ಕಳ ಹೆಸರನ್ನು ಸೇರಿಸಿ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಪಂಚಾಯಿತಿ ಆಸ್ತಿಗಳ ಗಣಕೀಕೃತ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ಮನೆಯ ದಾಖಲೆ ತೆಗೆಸಿ, ಋಣಭಾರ ಪ್ರಮಾಣಪತ್ರ ತೆಗೆಸಿ. ಕೊನೆಯ ಸೆಮಿಸ್ಟರಿನಲ್ಲಿ ಓಡಾಡಲು ಹೊರಟರೆ ಗಡಿಬಿಡಿಯಲ್ಲಿ ಎಲ್ಲರೂ ಸುಲಭದ ದಾರಿಯನ್ನೇ ಹಿಡಿಯುತ್ತಾರೆ, ಆ ದಾರಿ ಯಾವಾಗಲೂ ಅಕ್ಕತಂಗಿಯರ ಸಹಿಯ ಮೇಲೆಯೇ ಹಾದುಹೋಗುತ್ತದೆ.

ಉಳಿದ ಕಾಗದಗಳು

ಹುಡುಗಿಯ ಸ್ವಂತ ತಯಾರಿ ಇದರ ನಡುವೆಯೇ ನಡೆಯಿತು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಐಇಎಲ್‌ಟಿಎಸ್ ಬರೆದು ಬಂದಳು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬಂತು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಇಲ್ಲಿನ ಅಂಕಪಟ್ಟಿಗಳು ಅಸಲಿಯೇ ಎಂದು ದೆಹಲಿಯಲ್ಲಿ ಪರಿಶೀಲಿಸಿ ಕೊಡುತ್ತಾರೆ, ಅದಕ್ಕೆ 18,000 ರೂಪಾಯಿ. ಇದೂ ಆಯಿತು. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಕಷ್ಟಪಟ್ಟು ಪಾಸು, ಆದ್ದರಿಂದ ನಮ್ಮ ಅಂಕಗಳನ್ನು ಅಲ್ಲಿನ ಲೆಕ್ಕಕ್ಕೆ ತಿರುಗಿಸುವ ಸೂತ್ರವನ್ನು ಅವಳು ಬಾಯಿಪಾಠ ಮಾಡಿಬಿಟ್ಟಿದ್ದಳು.

ಉದ್ದೇಶ ಪತ್ರವನ್ನು ಮಾತ್ರ ನನಗೆ ಓದಲು ಕೊಟ್ಟಳು. ಚಿಕ್ಕಂದಿನಿಂದಲೂ ನೀರಿನ ಬಗ್ಗೆ ಆಸಕ್ತಿ ಇತ್ತು ಎಂಬಂಥ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಪುನರ್ವಸತಿ ಕೇಂದ್ರದಲ್ಲಿ ಕೊಳವೆಬಾವಿಯ ಉಪ್ಪುನೀರು ಕುಡಿಯುತ್ತಿದ್ದದ್ದು, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನದಿ ತುಂಬಿ ನಿಂತಿದ್ದರೂ ಮನೆಯ ನಲ್ಲಿಗೆ ನೀರು ಬರಲು ತಡವಾದದ್ದು, ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪದಿರುವುದು, ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಆ ಕಾಲುವೆಯ ಸೋರಿಕೆಯನ್ನು ಅಳೆದದ್ದು. ಓದಿ ಮುಗಿಸಿ ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಅವಳ ಓದಿಗೆ ಮನೆಯನ್ನು ಅಡವಿಟ್ಟದ್ದು ಸರಿ ಎಂದು ನನಗೆ ಖಚಿತವಾದದ್ದು ಆ ಎರಡು ಪುಟಗಳನ್ನು ಓದಿದಾಗ.

ಅಡಮಾನದ ದಿನ ನಾವೆಲ್ಲರೂ ಬ್ಯಾಂಕಿಗೆ ಹೋದೆವು. ಅಷ್ಟು ಹೊತ್ತಿಗೆ ಪಂಚಾಯಿತಿಯ ದಾಖಲೆಯಲ್ಲಿ ಅಪ್ಪನ ಹೆಸರು ಹೋಗಿ ನಾಲ್ಕು ಹೆಸರುಗಳು ಬಂದಿದ್ದವು. ಅವ್ವ ಹೆಬ್ಬೆಟ್ಟು ಒತ್ತಿದರು. ಅಕ್ಕ ಪ್ರತಿ ಪುಟದಲ್ಲೂ ಪೂರ್ತಿ ಹೆಸರು ಬರೆದಳು, ಅವಸರ ಮಾಡಲಿಲ್ಲ. ಎಲ್ಲ ಮುಗಿದ ಮೇಲೆ ವ್ಯವಸ್ಥಾಪಕರನ್ನು ಕೇಳಿದಳು: ‘ಸಾಲ ತೀರಿದ ಮೇಲೆ ಈ ಹಕ್ಕುಪತ್ರವನ್ನು ಯಾರ ಕೈಗೆ ಕೊಡುತ್ತೀರಿ?’ ಅವರು ಚೆನ್ನಾಗಿಯೇ ವಿವರಿಸಿದರು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಕಾಗದಗಳನ್ನು ಮರಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ, ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಅಡಮಾನಕ್ಕೆ ಸಹಿ ಹಾಕಿದವರೆಲ್ಲರೂ ಬಂದು ಸಹಿ ಮಾಡಿ ತೆಗೆದುಕೊಂಡು ಹೋಗಬಹುದು ಎಂದರು.

‘ಹಾಗಾದರೆ ನನಗೂ ಒಂದು ನಕಲು ಕೊಡಿ’ ಎಂದಳು ಅಕ್ಕ. ವ್ಯವಸ್ಥಾಪಕರು ನಾಲ್ಕು ನಕಲು ಮಾಡಿಸಿದರು. ಅವ್ವನದನ್ನು ಅಣ್ಣ ಇಟ್ಟುಕೊಂಡ. ಅಕ್ಕ ತನ್ನದನ್ನು ಲಿಂಬೆಹಣ್ಣಿನ ಖಾಲಿ ಚೀಲದಲ್ಲಿ ಮಡಚಿ ಇಟ್ಟುಕೊಂಡು ಇಂಡಿಯ ಬಸ್ಸು ಹತ್ತಿದಳು.